ಗೀರು

ಮಂಡಿಪೇಟೆಯ ಕೊಟ್ರಬಸಪ್ಪನ ರೇಡಿಯೋ ಅಂಗಡಿಗೆ
ಒಂದೇ ಒಂದು ಇಂಗ್ಲಿಷ್ ಪ್ಲೇಟು ಬಂದಿತ್ತು,
ಹತ್ತಿ ಲಾರಿಯಲ್ಲಿ, ಅರಳೆ ಅಂಡಿಗೆಗಳ ನಡುವೆ, ಕವರಿಲ್ಲದೆ.
ಹಾಡಿದವನ ಹೆಸರಿನ ಚೀಟಿ ಇಲಿ ತಿಂದಿತ್ತು.
ಎರಡನೇ ಸಾಲಿನ ಕೊನೆಗೆ ಒಂದು ಗೀರು.
ಮುಳ್ಳು ಅಲ್ಲಿಗೆ ಬಂದರೆ ಟಕ್ ಅಂತ ಜಿಗಿಯುವುದು,
ಗಟಾರ ದಾಟುವ ಆಡಿನ ಹಾಗೆ.

ಊರು ಆ ಹಾಡು ಕಲಿತದ್ದು ಹಾಗೆ.
ಜಿಗಿತ ಸಮೇತ.

ದಸ್ತಗೀರ್ ಮಾಸ್ತರರ ಬ್ಯಾಂಡು ಅದನ್ನು
ಮೆರವಣಿಗೆಯ ಕೊನೇ ತಿರುವಿಗೆ ಎತ್ತಿಟ್ಟುಕೊಳ್ಳುತ್ತಿತ್ತು.
ಗಿಟಾರಿದ್ದಲ್ಲಿ ಕ್ಲಾರಿಯೊನೆಟ್, ಗಂಟಲಿದ್ದಲ್ಲಿ ತುತ್ತೂರಿ.
ನಾನು ಗಿಲಕಿ ಅಲ್ಲಾಡಿಸುವ ಹುಡುಗ, ಹನ್ನೊಂದು ವರ್ಷ,
ಅಣ್ಣನ ಕೆಂಪು ಕೋಟು, ತೋಳು ಎರಡು ಮಡಿಕೆ.
'ಲೇ ಚಮನ್, ಎರಡನೇ ಸಾಲಿಗೆ ಒಂದು ಏಟು ನುಂಗು!'
ನುಂಗುತ್ತಿದ್ದೆ.
ಮದುವಣಿಗನ ಕುದುರೆಯೂ ಅಲ್ಲಿ ಒಂದು ಹೆಜ್ಜೆ ನುಂಗುತ್ತಿತ್ತು.

ಮಂಡಕ್ಕಿ ಭಟ್ಟಿಯ ಹಾಲಮ್ಮನದು ಬೇರೆ.
ಪದವಿಲ್ಲ, ಬಾಯೂ ತೆರೆಯುವುದಿಲ್ಲ,
ಮೂಗಿನಲ್ಲೇ ಪೂರಾ ಹಾಡು.
ಕಾದ ಮರಳಿಗೆ ಅಕ್ಕಿ ಬಿದ್ದು ಚಟಪಟ ಎದ್ದಾಗ
ಡೋಲು, ಜಾಗಟೆ ಎಲ್ಲ ಅದೇ.
ಗೀರಿನ ಜಾಗ ಬಂತೆಂದರೆ ಜರಡಿ ಒಮ್ಮೆ ಜಾಡಿಸುವಳು.
ಮರಳು ಕೆಳಗೆ. ಮಂಡಕ್ಕಿ ಮೇಲೆ. ಹಾಡು ಮುಂದಕ್ಕೆ.

ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾದಲ್ಲಿ ಮುರಿಗೇಶ
ಹೊಳೆಯುವ ಅಂಗಿ ತೊಟ್ಟು, ಮೊಣಕಾಲೂರಿ ಹಾಡಿದ.
ಇಂಗ್ಲಿಷೂ ಅಲ್ಲ, ಕನ್ನಡವೂ ಅಲ್ಲ,
ಬಿಸಿ ಮಿರ್ಚಿ ಬಾಯಲ್ಲಿಟ್ಟುಕೊಂಡು ಹಾಡಿದಂತೆ.
ಜಿಗಿತವನ್ನು ಮೂರು ಸಲ ಜಿಗಿದ. ಮೂರು ಸಲವೂ ಶಿಳ್ಳೆ.
ನನಗೆ ಸೇರಲಿಲ್ಲ. ಗಾಯ ತೋರಿಸಿ ಕಾಸು ಕೇಳಿದ ಹಾಗಿತ್ತು.

ಅರ್ಥ ಗೊತ್ತಿದ್ದದ್ದು ಒಬ್ಬರಿಗೇ,
ಡ್ರಿಲ್ಲು ಮಾಸ್ತರ ಬೆಂಜಮಿನ್ ಸರ್‌ಗೆ.
ಐದೇ ತಂತಿಯ ಗಿಟಾರು, ಭಾನುವಾರ, ಪ್ರಾರ್ಥನೆ ಬಿಟ್ಟ ಮೇಲೆ,
ನಿಧಾನ, ಬಾವಿಗೆ ಕೊಡ ಇಳಿಬಿಟ್ಟ ಹಾಗೆ.
'ಅಲ್ಲಿ ವಾಕ್ಯ ಮುರೀತದೆ ಕಣೋ,' ಅನ್ನುವರು,
'ಅವಳು ನನ್ನನ್ನು... ಆಮೇಲೆ ಬಾಗಿಲು ಹಾಕಿಕೊಂಡಳು.
ಕ್ರಿಯಾಪದವೇ ಇಲ್ಲ!'
ವಾರಕ್ಕೊಂದು ತಾವೇ ಹಾಕಿ ನೋಡುತ್ತಿದ್ದರು:
ಕರೆದಳು. ಬೈದಳು. ತಡೆದಳು.
ಸಂಬಳ ತಡವಾದ ತಿಂಗಳು, ಮರೆತಳು.
ಎಸ್ತರ್ ಟೀಚರ್ ತೀರಿಕೊಂಡ ಮೇಲೆ ಏನೂ ಹಾಕಲಿಲ್ಲ,
ಬರೀ ತಂತಿ ಮೀಟಿ ಕಾದರು.
ಆ ಕಾಯುವಿಕೆ ಇದೆಯಲ್ಲ,
ಅದರ ಮುಂದೆ ನಮ್ಮ ಬ್ಯಾಂಡು ಬರೀ ಗಾಳಿ.

ಹೋದ ವಾರ ಬೆಣ್ಣೆ ದೋಸೆ ಹೋಟೆಲಿನಲ್ಲಿ
ಮೊಮ್ಮಗಳು ಶಾಜಿಯಾ ಫೋನಿನಲ್ಲಿ ಮೂಲ ಹುಡುಕಿ ಕೊಟ್ಟಳು.
ಗೀರಿಲ್ಲ, ಧೂಳಿಲ್ಲ, ತೊಳೆದ ತಟ್ಟೆ.
ಒಂದು ಎಳೆ ನನ್ನ ಕಿವಿಗೆ,
ಇನ್ನೊಂದು ಬೆಂಜಮಿನ್ ಸರ್ ಕಿವಿಗೆ,
ಎಂಬತ್ತಮೂರರ ಕಿವಿ, ಮಿಷನ್ನು ತೆಗೆದಿಟ್ಟು.
ಎರಡನೇ ಸಾಲು ಬಂತು. ನಾನು ಉಸಿರು ಹಿಡಿದೆ.
ಹಾಡಿನವನು ಹಿಡಿಯಲಿಲ್ಲ, ಸರಾಗ ಹೇಳಿಬಿಟ್ಟ:
ಅವಳು ನನ್ನನ್ನು ಹೆಸರು ಕೇಳಿದಳು.
ಆಮೇಲೆ ಬಾಗಿಲು.

ನಾನು ಒಂದು ಏಟು ಹಿಂದುಳಿದಿದ್ದೆ.
ಮೇಜಿನ ಕೆಳಗೆ ಕೈ ಇನ್ನೂ ನುಂಗುತ್ತಿತ್ತು.
'ದಾದಾ, ತಾಳ ತಪ್ಪಿದೆ,' ಅಂದಳು ಶಾಜಿಯಾ.

ಸರ್ ಕಿವಿಯ ಎಳೆ ತೆಗೆದು ಮೇಜಿನ ಮೇಲಿಟ್ಟರು.
ಅದು ಅಲ್ಲಿಯೇ ಸಣ್ಣಗೆ ಹಾಡುತ್ತ ಬಿದ್ದಿತ್ತು.
'ಕೇಳಿದಳಾ?' ಅಂದರು. 'ಹೆಸರಾ? ಅಷ್ಟೇನಾ?'
ಬಹಳ ಹೊತ್ತು ಚಟ್ನಿ ನೋಡಿದರು.
ಆಮೇಲೆ ಹುಡುಗನನ್ನು ಕರೆದು
ಇನ್ನೊಂದು ದೋಸೆ ಹೇಳಿದರು,
ಬೆಣ್ಣೆ ಜಾಸ್ತಿ.